ಅಲೋನ್: ಹೌದೋ ಅಲ್ಲವೋ

ನಾನು ಅವರನ್ನು ಮೊದಲ ಸಲ ನೋಡಿದಾಗ ಅವರು ನೆಲದ ಮೇಲೆ ಅಂಗಾತ ಬಿದ್ದಿದ್ದರು. ಅಹಮದಾಬಾದಿನ ವಟ್ವಾದ ಬಣ್ಣದ ಕಾರ್ಖಾನೆಯೊಂದರಲ್ಲಿ ಲ್ಯಾಬ್ ಕೆಮಿಸ್ಟ್ ಆಗಿ ಸೇರಿ ನನಗೆ ಮೂರನೆಯ ದಿನ. ಸ್ಯಾಂಪಲ್ ತರಲು ಹೋದವಳು ಡ್ರೈಯರ್ ಹಿಂದಿನ ಸಂದಿಗೆ ತಿರುಗಿದರೆ, ಖಾಲಿ ಡ್ರಮ್ಮುಗಳ ನಡುವೆ ಬಿಳಿ ಹೆಲ್ಮೆಟ್ಟಿನ, ಐವತ್ತು ದಾಟಿದ ಗಂಡಸೊಬ್ಬರು ಕಣ್ಣು ಮುಚ್ಚಿ ಮಲಗಿದ್ದಾರೆ. ಕೈಯಲ್ಲಿದ್ದ ಬಾಟಲಿ ಬಿಟ್ಟು ಕಿರುಚಿದೆ. ಗಾಬರಿಗೆ ಬಾಯಿಗೆ ಬಂದದ್ದು ಕನ್ನಡವೇ: "ಅಯ್ಯೋ, ಯಾರಾದ್ರೂ ಬರ್ರೋ! ಇಲ್ಲಿ ಬಿದ್ದಾರೆ!"

ಅವರು ಒಂದು ಕಣ್ಣು ತೆರೆದರು. ಎದೆಯ ಮೇಲೆ ಇಟ್ಟುಕೊಂಡಿದ್ದ ಕೈಗಡಿಯಾರ ಎತ್ತಿ ನೋಡಿದರು.

"ಇಪ್ಪತ್ತಮೂರು ನಿಮಿಷ," ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಕನ್ನಡದಾಕಿ ಏನ್ ನೀ? ಯಾವೂರು?"

ದಾವಣಗೆರೆ ಅಂದೆ. ಅವರು ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡು, ಜೇಬಿನಿಂದ ಅಂಗೈಯಗಲದ ನೋಟ್‌ಬುಕ್ ತೆಗೆದು ಏನೋ ಬರೆದುಕೊಂಡು ಹೊರಟೇ ಹೋದರು. ಒಡೆದ ಬಾಟಲಿಗೆ ನಾನು ಲ್ಯಾಬಿನಲ್ಲಿ ಬೈಸಿಕೊಂಡೆ. ಈ ಕಾರ್ಖಾನೆಯಲ್ಲಿ ಹುಚ್ಚರನ್ನೂ ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ ಅಂತ ಆ ದಿನವೇ ಅಮ್ಮನಿಗೆ ಫೋನಿನಲ್ಲಿ ಹೇಳಿದ್ದೆ.

ಅವರು ನಮ್ಮ ಸೇಫ್ಟಿ ಆಫೀಸರ್. ಹುಬ್ಬಳ್ಳಿಯವರು, ಮದುವೆಯಾಗಿರಲಿಲ್ಲ, ಗುಜರಾತಿಗೆ ಬಂದು ಇಪ್ಪತ್ತೈದು ವರ್ಷವಾಗಿತ್ತು. ಹೆಸರು ಬರೆಯುವುದಿಲ್ಲ. ಕನ್ನಡ ಸಂಘದ ಸ್ಮರಣ ಸಂಚಿಕೆಯಲ್ಲಿ ಒಮ್ಮೆ ತಮ್ಮ ಹೆಸರು ಅಚ್ಚಾಗಿದ್ದಕ್ಕೇ ಸಂಪಾದಕರ ಜೊತೆ ಜಗಳವಾಡಿದ ಮನುಷ್ಯ ಅವರು.

ನೆಲದ ಮೇಲೆ ಯಾಕೆ ಬಿದ್ದಿದ್ದರು ಎನ್ನುವುದಕ್ಕೆ ಒಂದು ಫಾರ್ಮಿನ ಕಥೆ ಹೇಳಬೇಕು. ಕಾರ್ಖಾನೆಯಲ್ಲಿ ಅಪಾಯದ ಕೆಲಸ ಯಾವುದಿದ್ದರೂ, ಟ್ಯಾಂಕಿಗೆ ಇಳಿಯುವುದಿರಲಿ, ಮೇಲೆ ಹತ್ತಿ ವೆಲ್ಡಿಂಗ್ ಮಾಡುವುದಿರಲಿ, ಮೊದಲು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ ಪರ್ಮಿಟ್ ತುಂಬಬೇಕು. ಅದರಲ್ಲಿ ಒಂದು ಕಾಲಂ: ಕೆಲಸ ಮಾಡುವವನು ಅಲೋನ್? ಯೆಸ್ ಅಥವಾ ನೋ. ಎಲ್ಲರೂ ಕಣ್ಣು ಮುಚ್ಚಿ ನೋ ಮೇಲೆ ಗುರುತು ಹಾಕುತ್ತಿದ್ದರು. ಇವರು ಕೇಳಿದರೆ ಆಪರೇಟರುಗಳು ನಗುತ್ತಿದ್ದರು. "ಎಕಲೋ ಕ್ಯಾಂ ಛೇ, ಸಾಹೇಬ್? ಬಧಾ ಛೇ ನೇ!" ಒಬ್ಬನೇ ಎಲ್ಲಿದ್ದಾನೆ, ಎಲ್ಲರೂ ಇದ್ದಾರಲ್ಲ! ಅವರು ಹೇಳುವುದರಲ್ಲಿ ಸುಳ್ಳೇನೂ ಇರಲಿಲ್ಲ. ಒಂದೊಂದು ಶಿಫ್ಟಿನಲ್ಲಿ ಅರವತ್ತು ಜನ ಓಡಾಡುವ ಜಾಗ ಅದು.

ಅದಕ್ಕೇ ಇವರು ಆಗಾಗ ಎಲ್ಲಾದರೂ ಹೋಗಿ ಸತ್ತವರ ಹಾಗೆ ಬಿದ್ದುಕೊಳ್ಳುತ್ತಿದ್ದರು. ಯಾರಾದರೂ ನೋಡುವವರೆಗೆ ಎಷ್ಟು ಹೊತ್ತಾಯಿತು ಅಂತ ಬರೆದಿಟ್ಟು, ಆ ಜಾಗದ ಪರ್ಮಿಟ್ಟಿನಲ್ಲಿ ನೋ ಎಂದಿದ್ದನ್ನು ಹೊಡೆದು ಯೆಸ್ ಮಾಡುತ್ತಿದ್ದರು. ಡ್ರೈಯರ್ ಸಂದಿಯ ಇಪ್ಪತ್ತಮೂರು ನಿಮಿಷದ ಸುದ್ದಿ ಕಾರ್ಖಾನೆಯೆಲ್ಲ ಹಬ್ಬಿ, ಅವರಿಗೆ ತ್ರೇವೀಸ್ ಸಾಹೇಬ್ ಅನ್ನುವ ಹೆಸರು ಬಿತ್ತು. ಗುಜರಾತಿಯಲ್ಲಿ ತ್ರೇವೀಸ್ ಅಂದರೆ ಇಪ್ಪತ್ತಮೂರು. ಎದುರಿಗೇ ಹಾಗೆ ಕರೆದರೂ ಅವರು ತಲೆಯಾಡಿಸುತ್ತಿದ್ದರು.

ಆ ಪದದ ಬಗ್ಗೆ ಅವರಿಗೆ ಒಂದು ಥರದ ಗೀಳು. ಸಿಕ್ಕವರನ್ನೆಲ್ಲ ನಿಲ್ಲಿಸಿ, ನಿಮ್ಮ ಭಾಷೆಯಲ್ಲಿ ಅಲೋನ್‌ಗೆ ಏನಂತೀರಿ ಅಂತ ಕೇಳುವರು. ಗುಜರಾತಿಗಳು ಎಕಲೋ ಅಂದರು, ಬಿಹಾರದವರು ಅಕೇಲಾ ಅಂದರು. ನಾನು ಒಬ್ಬನೇ, ಒಂಟಿ, ಒಬ್ಬಂಟಿ, ಏಕಾಂಗಿ ಅಂತ ನಾಲ್ಕು ಕೊಟ್ಟೆ. ಎಲ್ಲವನ್ನೂ ನೋಟ್‌ಬುಕ್ಕಿಗೆ ಇಳಿಸಿಕೊಂಡು ಹೇಳಿದರು:

"ನೋಡ ತಂಗಿ, ನಮ್ಮ ಎಲ್ಲಾ ಭಾಷಾದಾಗೂ ಮಂದಿ ತಲಿ ಎಣಿಸ್ತಾರ. ಸುತ್ತ ಹತ್ತು ತಲಿ ಇದ್ರ ಅಂವ ಒಬ್ಬನ ಅಲ್ಲ. ಈ ಫಾರ್ಮ್ ತಲಿ ಕೇಳೂದಿಲ್ಲ, ನಿಮಿಷ ಕೇಳ್ತೈತಿ. ಅಂವ ಬಿದ್ರ ಇನ್ನೊಬ್ಬಗ ಗೊತ್ತಾಗಾಕ ಎಷ್ಟ ಹೊತ್ತು? ಅಷ್ಟ."

"ಮತ್ತೆ ಲೋನ್ಲಿ?" ಅಂದೆ, ಕೆಣಕಲಿಕ್ಕೆ.

"ಅದು ಮನಸಿಂದು. ಅದಕ್ಕ ಗುಡಿ ಅದಾವ, ಸಂಘ ಐತಿ, ಟೀವಿ ಐತಿ. ಅಲೋನ್ ಅನ್ನೂದು ಮೈಯಿಂದು."

"ಸಾಲಿಟರಿ?"

"ಅದು ಜೇಲಿನ ಮಾತು. ಹೊರಗ ಕಾವಲಿನಂವ ಇರ್ತಾನ. ಹೊತ್ತಿಗೆ ಸರಿಯಾಗಿ ಬಾಗಲಾ ಬಡೀತಾನ. ಅಂವ ಅಲೋನ್ ಅಲ್ಲವಾ, ಆರಾಮ ಅದಾನ."

ಇಷ್ಟು ಹೇಳಿದ ಮೇಲೆ ಅವರು ಜನರಿಗಾಗಿ ಹಾತೊರೆಯುವ ಮನುಷ್ಯ ಅಂತ ಯಾರಾದರೂ ತಿಳಿದರೆ ತಪ್ಪು. ಅಹಮದಾಬಾದಿನ ಸ್ಯಾಟಲೈಟ್ ಅನ್ನುವ ಬಡಾವಣೆಯಲ್ಲಿ, ನಾಲ್ಕನೆಯ ಮಹಡಿಯಲ್ಲಿ ಅವರ ಫ್ಲಾಟ್. ಭಾನುವಾರ ಬಾಗಿಲು ಹಾಕಿಕೊಂಡರೆ ಸೋಮವಾರವೇ ತೆಗೆಯುವುದು. ಸಂಘದ ಹೆಂಗಸರು ಹೆಣ್ಣು ತೋರಿಸುತ್ತೇವೆ ಅಂತ ಬೆನ್ನು ಹತ್ತಿ ಸುಸ್ತಾಗಿ ಬಿಟ್ಟಿದ್ದರು. ಪಾಪ, ಒಬ್ಬರೇ ಇರ್ತೀರಿ ಅಂತ ಯಾರಾದರೂ ಅಂದರೆ ಅವರ ಮುಖ ಸಿಂಡರಿಸುತ್ತಿತ್ತು. "ಒಂಟಿ ಇರೂದು ನನ್ನ ಇಷ್ಟ," ಅನ್ನುತ್ತಿದ್ದರು. "ಬಿದ್ದಲ್ಲೇ ಬಿದ್ದಿರೂದು ಮಾತ್ರ ನನ್ನ ಇಷ್ಟ ಅಲ್ಲ. ಅದೊಂದು ಆಗಬಾರದು." ಫ್ಲಾಟಿನ ಇನ್ನೊಂದು ಬೀಗದ ಕೈಯನ್ನು ಎದುರು ಮನೆಯ ಗುಜರಾತಿ ಹೆಂಗಸಿಗೆ ಬಂದ ದಿನವೇ ಕೊಟ್ಟಿದ್ದರಂತೆ. ಬೆನ್, ಅಂದರೆ ಅಕ್ಕ, ಅಂತ ಅವರು ಕರೆಯುತ್ತಿದ್ದ ಆಕೆ ಅದನ್ನು ದೇವರ ಗೂಡಿನಲ್ಲಿ ಇಟ್ಟಿದ್ದಳು.

ಅವರ ಗೀಳು ನನ್ನ ತಲೆಗೇ ಬಂದದ್ದು ನಾಲ್ಕನೆಯ ತಿಂಗಳು. ನನ್ನನ್ನು ಎರಡನೆಯ ಶಿಫ್ಟಿಗೆ ಹಾಕಿದ್ದರು. ಖಾಲಿ ಇದ್ದದ್ದು ಅದೊಂದೇ ಜಾಗ, ಅದರಲ್ಲಿ ಆರು ತಿಂಗಳು ದಾಟಿಸಿದರೆ ಕೆಲಸ ಕಾಯಂ. ಇಲ್ಲದಿದ್ದರೆ ದಾವಣಗೆರೆಗೆ ವಾಪಸ್. ಅಲ್ಲಿ ನನಗಾಗಿ ಒಬ್ಬ ವರ, ಒಂದು ಕಲ್ಯಾಣ ಮಂಟಪ ಎರಡೂ ನೋಡಿ ಇಟ್ಟಿದ್ದರು. ಸಂಜೆ ಆರಕ್ಕೆ ಉಳಿದವರೆಲ್ಲ ಮನೆಗೆ ಹೋದರೆ ಆಮೇಲೆ ಲ್ಯಾಬಿನಲ್ಲಿ ನಾನೊಬ್ಬಳೇ, ಜೊತೆಗೆ ಎರಡು ಓವನ್ನು, ಒಂದು ಕಪಾಟಿನ ತುಂಬ ಬೇಗ ಬೆಂಕಿ ಹಿಡಿಯುವ ಸಾಲ್ವೆಂಟು. ಪ್ಲಾಂಟು ಅಂಗಳದಾಚೆ. ಈ ಶಿಫ್ಟಿಗೂ ಅದೇ ಫಾರ್ಮು, ನಾನು ಧೈರ್ಯವಾಗಿ ನೋ ಹಾಕಿದ್ದೆ. ಅವರು ಅದನ್ನು ಹೊಡೆದು ಯೆಸ್ ಬರೆದರು.

ಮ್ಯಾನೇಜರು ಕೆಟ್ಟವರಲ್ಲ. ಆದರೆ ಹೆಣ್ಣುಮಗಳು ಅಲೋನ್ ಅಂತ ಕಾಗದದಲ್ಲಿ ಕಂಡ ಕೂಡಲೇ ಅವರಿಗೆ ತೋಚಿದ್ದು ಒಂದೇ ದಾರಿ, ಸೋಮವಾರದಿಂದ ಆಕೆಯನ್ನು ಶಿಫ್ಟಿನಿಂದ ತೆಗೆದುಬಿಡಿ. ನಾನು ನೇರ ಇವರ ಕೋಣೆಗೆ ನುಗ್ಗಿದೆ.

"ಸರ್, ಅದನ್ನ ನೋ ಮಾಡಿ. ನನ್ನ ಕೆಲಸ ಹೋಗ್ತತಿ."

"ನೋ ಅಲ್ಲಲ್ಲ."

"ಕರೆದ್ರೆ ಬರೋಕೆ ಅಲ್ಲಿ ಅರವತ್ತು ಜನ ಅದಾರೆ!"

"ಕರಿಯಾಕ ನಿನಗ ಎಚ್ಚರಿದ್ರಲ್ಲಾ?"

ನನಗೆ ಮೈಯೆಲ್ಲ ಉರಿಯಿತು. "ನಿಮಗೆ ಒಂದು ಇಂಗ್ಲಿಷ್ ಪದ ಸರಿಯಾದ್ರೆ ಸಾಕು, ನನ್ನ ಜೀವನ ಏನಾದ್ರೂ ಆಗ್ಲಿ. ನೀವು ಒಂಟಿ, ಅದಕ್ಕೇ ನಿಮ್ಮ ಕಣ್ಣಿಗೆ ಎಲ್ಲರೂ ಒಂಟಿ ಕಾಣ್ತಾರೆ!" ಅಂದುಬಿಟ್ಟೆ. ಪಕ್ಕದಲ್ಲಿದ್ದ ಗುಮಾಸ್ತರಿಗೆ ಕನ್ನಡ ಬಾರದಿದ್ದರೂ ವಿಷಯ ತಿಳಿದು, ಅವರು ಎದ್ದು ಹೊರಗೆ ಹೋದರು.

ಇವರು ಪೆನ್ನಿನ ಮುಚ್ಚಳ ಹಾಕಿದರು. "ಇರಬಹುದು," ಅಂದರು. "ಆದ್ರೂ ಅದು ಯೆಸ್ಸೇ."

ಸೋಮವಾರ ಸಂಜೆ ನಾನು ನನ್ನ ಸಾಮಾನು ಕಟ್ಟುತ್ತಿದ್ದೆ. ಆರು ಗಂಟೆಗೆ ಅವರು ಒಂದು ಸ್ಟೀಲ್ ಕುರ್ಚಿ ಎಳೆದುಕೊಂಡು ಬಂದು ಲ್ಯಾಬಿನ ಗಾಜಿನ ಬಾಗಿಲಿನ ಹೊರಗೆ ಹಾಕಿದರು. ರಿಜಿಸ್ಟರಿನಲ್ಲಿ ‘ಎರಡನೆಯ ವ್ಯಕ್ತಿ’ ಅನ್ನುವಲ್ಲಿ ತಮ್ಮ ಸಹಿ ಹಾಕಿ (ಇನ್ನು ನನ್ನನ್ನು ಅಲೋನ್ ಅಂತ ತೆಗೆಯುವ ಹಾಗಿರಲಿಲ್ಲ), ಖಾಖ್ರಾ ಅನ್ನುವ ಗರಿಗರಿ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುತ್ತಾ ಕೂತರು. ತಮ್ಮ ದಿನದ ಕೆಲಸ ಮುಗಿಸಿ ಬಂದು, ನನ್ನ ಶಿಫ್ಟು ಮುಗಿಯುವವರೆಗೆ, ಹದಿನೇಳು ದಿನ ಹಾಗೆ ಕೂತರು. ಮದುವೆಯಾಗದ ಗಂಡಸು, ಮದುವೆಯಾಗದ ಹುಡುಗಿ. ಜನ ಆಡಬೇಕಾದ್ದನ್ನು ಆಡಿಕೊಂಡರು. ಒಂದೇ ಒಂದು ಸಲ ಬಿಟ್ಟರೆ ಅವರು ಒಳಗೆ ಬರಲಿಲ್ಲ. ಹತ್ತು ನಿಮಿಷಕ್ಕೊಮ್ಮೆ ಬೀಗದ ಕೈಯಿಂದ ಗಾಜಿಗೆ ಟಕ್ ಅನ್ನಿಸುವರು, ನಾನು ಕೈ ಎತ್ತಬೇಕು.

ಒಂದು ಸಂಜೆ ಬೇಕೆಂತಲೇ ಕೈ ಎತ್ತಲಿಲ್ಲ. ಕಪಾಟಿನ ಹಿಂದೆ ನಿಂತು, ನೋಡೋಣ ಏನು ಮಾಡುತ್ತಾರೆ ಅಂತ ಸುಮ್ಮನಿದ್ದೆ. ಬಾಗಿಲು ಗೋಡೆಗೆ ಬಡಿದ ಸದ್ದು ಕೇಳಿತು. ಅವರು ಓಡಿ ಬಂದು ನನ್ನನ್ನು ನೋಡಿ ನಿಂತರು. ಮುಖ ಬಿಳಿಚಿಕೊಂಡಿತ್ತು. ಬೈಯುತ್ತಾರೆ ಅಂದುಕೊಂಡೆ. ಅವರು ಹೋಗಿ ಮತ್ತೆ ಕುರ್ಚಿಯಲ್ಲಿ ಕೂತರು. ನನಗೇ ನಾಚಿಕೆಯಾಗಿ ಹೊರಗೆ ಬಂದೆ. ಆಗ ಸೂರತ್ತಿನ ವಿಷಯ ಹೇಳಿದರು, ನನ್ನ ಕಡೆ ನೋಡದೆ.

"ಸೂರತ್‌ನ್ಯಾಗ ನಾನು ಹೊಸಬ. ಫಿಟರ್ ಒಬ್ಬಂವ ಟ್ಯಾಂಕಿಗೆ ಇಳಿದಿದ್ದ. ಗ್ವಾಡಿ ಆಚೆ ಹನ್ನೆರಡು ಮಂದಿ ಕೆಲಸ ಮಾಡಾಕತ್ತಿದ್ರು, ಅವರ ಹಾಡು ಕೇಳತಿತ್ತು. ಹನ್ನೆರಡು ಮಂದಿ ಅದಾರ, ಅಂವ ಹೆಂಗ ಅಲೋನ್ ಅಕ್ಕಾನ? ನೋ ಅಂತ ಹಾಕಿದ್ನಿ. ಒಳಗ ಗ್ಯಾಸ್ ಇತ್ತು. ಆ ಹನ್ನೆರಡೂ ಮಂದಿ ಒಬ್ಬರ ಮ್ಯಾಲೆ ಒಬ್ಬರು ಬಿಟ್ಟು ಕುಂತ್ರು, ಇನ್ನೊಬ್ಬಂವ ನೋಡಾಕತ್ತಾನ ಅಂತ. ಐವತ್ತು ನಿಮಿಷ. ಆ ಗುರುತು ನಂದು, ತಂಗಿ. ನಾ ಹಾಕಿದ್ದು."

ಆಮೇಲೆ ನಾನು ಟಕ್ ಅಂದ ತಕ್ಷಣ ಕೈ ಎತ್ತುತ್ತಿದ್ದೆ. ಹದಿನೇಳನೆಯ ದಿನ ಮ್ಯಾನೇಜರಿಗೆ ಆ ಕುರ್ಚಿಯನ್ನೂ ಆ ಸಹಿಗಳನ್ನೂ ನೋಡಿ ನೋಡಿ ಸಾಕಾಯಿತು. ನನ್ನ ಶಿಫ್ಟಿಗೆ ಇನ್ನೊಬ್ಬ ಹುಡುಗಿಯನ್ನು ಹಾಕಿದರು. ಆರು ತಿಂಗಳು ದಾಟಿದ ಮೇಲೆ ನನ್ನ ಕೆಲಸ ಕಾಯಂ ಆಯಿತು. ಅವರಿಗೆ ಒಂದು ಥ್ಯಾಂಕ್ಸ್ ಹೇಳಲು ಹೋದರೆ, ಕಪಾಟಿನ ಬೀಗ ಸರಿಯಿಲ್ಲ, ಮೊದಲು ಅದನ್ನು ಮಾಡಿಸು ಅಂದರು.

ಆರು ವರ್ಷದ ನಂತರ ನನಗೆ ವಡೋದರಾದಲ್ಲಿ ಒಳ್ಳೆಯ ಕೆಲಸ ಸಿಕ್ಕಿತು, ಆ ಊರಿನ ಗೋರ್ವಾದಲ್ಲಿ ಒಂದು ಬೆಡ್‌ರೂಮಿನ ಮನೆ ಹಿಡಿದೆ. ಅದೇ ವರ್ಷ ಅವರು ನಿವೃತ್ತರಾದರು. ಹೊರಡುವ ಮುಂಚೆ ಹೋದಾಗ ಚಹಾ ಮಾಡಿಕೊಟ್ಟರು. ಆಮೇಲೆ, ಯಾರಲ್ಲೂ ಏನೂ ಕೇಳದ ಮನುಷ್ಯ, ನನ್ನಲ್ಲಿ ಒಂದು ಕೇಳಿದರು.

"ಇನ್ನ ಮ್ಯಾಲೆ ನಾ ಡ್ಯೂಟಿಗೆ ಹೋಗೂದಿಲ್ಲ. ನಾ ಬರಲಿಲ್ಲ ಅಂತ ಕೇಳಾವ್ರು ಯಾರೂ ಇಲ್ಲ. ದಿನಾ ಮುಂಜಾನೆ ಏಳಕ್ಕ ನಿನಗ ಒಂದು ಮಿಸ್ಡ್ ಕಾಲ್ ಕೊಡ್ತೀನಿ. ಎತ್ತಬ್ಯಾಡ, ಮಾತಾಡೂದು ಬ್ಯಾಡ. ಏಳೂಕಾಲಿನ ತನಕ ಬರಲಿಲ್ಲ ಅಂದ್ರ ಎದುರು ಮನಿ ಬೆನ್‌ಗೆ ಫೋನ್ ಹಚ್ಚು. ಆಕಿ ಹತ್ರ ಚಾವಿ ಐತಿ."

ಆಕೆಗೇ ಕೊಡಬಹುದಲ್ಲ ಮಿಸ್ಡ್ ಕಾಲು ಅಂದೆ. ಆಕೆ ಎತ್ತಿ ಮಾತಾಡುತ್ತಾಳೆ ಅಂದರು.

ಐದು ವರ್ಷ ಆ ಕರೆ ತಪ್ಪಲಿಲ್ಲ. ಹಲ್ಲುಜ್ಜುವಾಗಲೋ ಅವಲಕ್ಕಿಗೆ ಒಗ್ಗರಣೆ ಹಾಕುವಾಗಲೋ ಫೋನು ಒಂದು ಸಲ ಕೂಗಿ ಸುಮ್ಮನಾಗುತ್ತಿತ್ತು. ಕೊನೆಕೊನೆಗೆ ಅದು ಹಾಲಿನವನ ಬೆಲ್ಲಿನ ಹಾಗೆ, ಕೇಳಿದ್ದೂ ಗೊತ್ತಾಗದಷ್ಟು ಅಭ್ಯಾಸವಾಗಿತ್ತು. ತಪ್ಪಾದದ್ದೇ ಅಲ್ಲಿ.

ಆ ದಿನ ನಮ್ಮ ಪ್ಲಾಂಟಿನಲ್ಲಿ ಆಡಿಟ್. ಆರೂವರೆಗೇ ಹೊರಟಿದ್ದೆ. ಪ್ಲಾಂಟಿನೊಳಗೆ ಫೋನ್ ಒಯ್ಯುವಂತಿಲ್ಲ, ಗೇಟಿನ ಲಾಕರಿನಲ್ಲಿ ಇಡಬೇಕು. ಹತ್ತು ಗಂಟೆ ದಾಟಿದ ಮೇಲೆ ಚಹಾಕ್ಕೆ ಬಿಟ್ಟಾಗ ಫೋನ್ ತೆಗೆದೆ. ಏಳು ಗಂಟೆಯ ಕರೆ ಇರಲಿಲ್ಲ. ಲಾಕರಿನ ನೆಪ ಹೇಳಬಹುದು, ಎಲ್ಲರಿಗೂ ಹೇಳಿದೆ ಕೂಡ. ನಿಜ ಏನೆಂದರೆ, ಆ ಮೂರು ಗಂಟೆಯಲ್ಲಿ ನನಗೆ ಅವರ ನೆನಪೇ ಬಂದಿರಲಿಲ್ಲ.

ಅವರು ಫೋನ್ ಎತ್ತಲಿಲ್ಲ. ಎದುರು ಮನೆಯ ಬೆನ್ ಚಾವಿ ಹಿಡಿದುಕೊಂಡು ಓಡಿದಳು. ಬಚ್ಚಲಿನಲ್ಲಿ ಜಾರಿ ಬಿದ್ದು ಅವರ ಸೊಂಟದ ಮೂಳೆ ಮುರಿದಿತ್ತು. ಕೂಗಿ ಕೂಗಿ ಗಂಟಲು ಕಟ್ಟಿತ್ತು. ಬೆಳಗಿನ ಹೊತ್ತು ಆ ಕಟ್ಟಡದಲ್ಲಿ ಮಿಕ್ಸರ್ ಸದ್ದು, ಟೀವಿಯ ಭಜನೆ. ಗೋಡೆಯ ಆಚೆ ಈಚೆ ಎಲ್ಲರೂ ಮನೆಯಲ್ಲೇ ಇದ್ದರು.

ಸಂಜೆ ಅಹಮದಾಬಾದಿನ ಆಸ್ಪತ್ರೆಗೆ ಹೋದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗಿದ್ದು ಅವರ ಮುಖ ನೋಡಿದಾಗ ಮರೆತುಹೋಯಿತು. ಮಂಚದ ಪಕ್ಕ ನಿಂತು ಅತ್ತೆ. ಅವರು ಅಳು ನಿಲ್ಲುವವರೆಗೆ ಕಾದರು.

"ಎಷ್ಟಾತು?" ಅಂದರು.

"ಮೂರು ಗಂಟೆ ನಲವತ್ತು ನಿಮಿಷ."

"ಹ್ಞೂಂ." ಕಣ್ಣು ಮುಚ್ಚಿದರು. ಹಾಗೇ ಕೇಳಿದರು, "ನೀ ಗೋರ್ವಾದಾಗ ಯಾರ ಜೋಡಿ ಇರ್ತೀ?"

"ನಾನೊಬ್ಬಳೇ. ನಿಮಗೆ ಗೊತ್ತಲ್ಲ ಸರ್."

"ನೀ ಬಿದ್ರ ಯಾರಿಗೆ ಗೊತ್ತಾಕ್ಕತಿ?"

"ಡ್ಯೂಟಿಗೆ ಬರ್ಲಿಲ್ಲ ಅಂದ್ರೆ ಪ್ಲಾಂಟಿಂದ ಫೋನ್ ಮಾಡ್ತಾರೆ."

"ರವಿವಾರ?"

ಮೂವತ್ತಾರು ವರ್ಷದ ನಾನು, ಪ್ಲಾಂಟಿನಲ್ಲಿ ದಿನಕ್ಕೆ ಹತ್ತು ಪರ್ಮಿಟ್ಟಿಗೆ ಸಹಿ ಹಾಕುವವಳು, ಈ ಪ್ರಶ್ನೆಯನ್ನು ನನ್ನನ್ನೇ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಇಷ್ಟು ವರ್ಷ ಕಾಯುವವಳು ನಾನು ಅಂತಲೇ ತಿಳಿದಿದ್ದೆ.

"ರವಿವಾರ?" ಮತ್ತೆ ಕೇಳಿದರು. ಆಮೇಲೆ ಅವರೇ ತೀರ್ಮಾನ ಕೊಟ್ಟರು. "ನಾಳಿಂದ ಏಳಕ್ಕ ನಾ ಒಂದ್ ರಿಂಗ್ ಕೊಡ್ತೀನಿ. ನೀ ತಿರುಗಿ ಒಂದ್ ರಿಂಗ್ ಕೊಡು. ನಿಂದು ಬರಲಿಲ್ಲಂದ್ರ ನಾ ನಿಮ್ಮ ಮನಿ ಓನರ್‌ಗೆ ಹಚ್ಚತೀನಿ. ನಂಬರ್ ಬರದು ಕೊಟ್ಟು ಹೋಗು." ಕಾಲಿಗೆ ತೂಕ ಕಟ್ಟಿ ಮಲಗಿಸಿದ್ದ ಮನುಷ್ಯ ಮರುದಿನ ಏಳಕ್ಕೆ ಸರಿಯಾಗಿ ರಿಂಗ್ ಕೊಟ್ಟರು.

ಆಸ್ಪತ್ರೆಯಿಂದ ಅಣ್ಣನ ಮಗ ಅವರನ್ನು ಹುಬ್ಬಳ್ಳಿಗೆ ಕರೆದೊಯ್ದ. ಸ್ಯಾಟಲೈಟಿನ ಫ್ಲಾಟ್ ಬಿಡುವಾಗ ಅವರು ಬಹಳ ಸಂಕಟಪಟ್ಟರು. ಏಕಾಂತ ಕಳೆದುಕೊಂಡದ್ದು ಸೊಂಟ ಮುರಿದದ್ದಕ್ಕಿಂತ ಹೆಚ್ಚು ನೋವು ಅಂತ ನನ್ನ ಹತ್ತಿರವೇ ಬಾಯಿಬಿಟ್ಟು ಹೇಳಿದರು. ಹುಬ್ಬಳ್ಳಿಯದು ಕೂಡುಕುಟುಂಬ, ಮಕ್ಕಳುಮರಿ ಸೇರಿ ಹನ್ನೊಂದು ಜನ. ಅವರಿಗೆ ಮುಂದಿನ ಕೋಣೆ ಕೊಟ್ಟು ಚೆನ್ನಾಗಿಯೇ ನೋಡಿಕೊಂಡರು. ಒಂದು ದಿನ ಫೋನ್ ಮಾಡಿ, ಇನ್ನು ಈ ರಿಂಗಿನ ಕಾಟ ಯಾಕೆ ಸರ್, ಮನೆ ತುಂಬ ಜನ ಇದ್ದಾರಲ್ಲ ಅಂದೆ.

"ಸೂರತ್‌ನ್ಯಾಗೂ ಇದ್ರು," ಅಂದು ಇಟ್ಟುಬಿಟ್ಟರು.

ಎಂಟು ತಿಂಗಳು ಹಾಗೆ ನಡೆಯಿತು. ಅವರದೊಂದು ರಿಂಗ್, ನನ್ನದೊಂದು ರಿಂಗ್. ಏಳಾಗುವುದಕ್ಕೆ ಮುಂಚೆಯೇ ನಾನು ಫೋನ್ ಕೈಯಲ್ಲಿ ಹಿಡಿದು ಕೂರುತ್ತಿದ್ದೆ.

ಹೋದ ಮಾಘದ ಒಂದು ಭಾನುವಾರ ಏಳಾಯಿತು, ರಿಂಗ್ ಬರಲಿಲ್ಲ. ಏಳೂಕಾಲಿನವರೆಗೆ ಕಾಯಲು ನನ್ನಿಂದ ಆಗಲಿಲ್ಲ. ಎರಡು ನಿಮಿಷಕ್ಕೇ ಅವರಿಗೆ ಹಚ್ಚಿದೆ, ಎತ್ತಲಿಲ್ಲ. ಅಣ್ಣನ ಮಗನ ಹೆಂಡತಿಗೆ ಹಚ್ಚಿದೆ. ಹಿಂದೆ ಪಾತ್ರೆಗಳ ಸದ್ದು, ಮಕ್ಕಳ ಗಲಾಟೆ, ಯಾರೋ ಟವೆಲ್ ಎಲ್ಲಿ ಅಂತ ಕೇಳುತ್ತಿದ್ದರು.

"ಕಾಕಾರಾ? ಇನ್ನೂ ಮಲಗ್ಯಾರ್ರಿ ಅಕ್ಕಾರ. ರವಿವಾರ ಅಲ್ಲೇನ್ರಿ, ಎಬ್ಬಸೂದು ಬ್ಯಾಡ ಅಂತ ಬಿಟ್ಟೀವಿ."

"ದಯವಿಟ್ಟು ಒಳಗೆ ಹೋಗಿ ನೋಡಮ್ಮ. ಈಗಲೇ. ಫೋನ್ ಇಡಬೇಡ."

ಅವಳ ಬಳೆಯ ಸದ್ದು, ಬಾಗಿಲು ತೆರೆದ ಸದ್ದು ಕೇಳಿದವು. ಕಾಕಾ ಅಂತ ಎರಡು ಸಲ ಕರೆದಳು. ಆಮೇಲೆ ಮಕ್ಕಳ ಗಲಾಟೆ ಮಾತ್ರ ದೂರದಲ್ಲಿ ನಡೆದೇ ಇತ್ತು. ಕೊನೆಗೆ ಅವಳು ಫೋನಿಗೆ ಬಂದಳು, ಪಿಸುಮಾತಿನಲ್ಲಿ.

"ಅಕ್ಕಾರ," ಅಂದಳು, "ಉಸಿರಿಲ್ರಿ. ಮೈ ಇನ್ನೂ ಬೆಚ್ಚಗೈತ್ರಿ."